ಕೊಕೇನ್ ಕೊಟ್ಟರೆ ತಾಯಿ ಇಲಿ ಮರಿಗಳನ್ನು ಮರೆತುಬಿಡುತ್ತದೆಯೇ?

ಮರೆಯುವುದಿಲ್ಲ. ಆದರೆ ಅಮಲು ಇರುವಷ್ಟು ಹೊತ್ತು ಮರಿಗಳ ಕಡೆ ಗಮನ ಹೋಗುವುದಿಲ್ಲ.

ಇಲಿಮರಿ ಹುಟ್ಟುವಾಗ ಮೈಮೇಲೆ ಕೂದಲಿಲ್ಲ, ಕಣ್ಣೂ ತೆರೆದಿರುವುದಿಲ್ಲ. ತಾಯಿಯೇ ಗೂಡು ಕಟ್ಟಬೇಕು, ನೆಕ್ಕಬೇಕು, ಬೆನ್ನು ಬಾಗಿಸಿ ನಿಂತು ಹಾಲೂಡಿಸಬೇಕು. ಸಂಶೋಧಕರು ಮರಿಗಳನ್ನು ಬೇಕಂತಲೇ ಚದುರಿಸಿ, ತಾಯಿ ಎಷ್ಟು ಬೇಗ ಬಾಯಲ್ಲಿ ಕಚ್ಚಿ ತರುತ್ತದೆ ಎಂದು ನೋಡುತ್ತಾರೆ. ಕೊಕೇನ್ ಚುಚ್ಚಿದ ತಾಯಿ ಮರಿಗಳನ್ನು ಸರಿಯಾಗಿ ತರುವುದಿಲ್ಲ. ಅಮಲು ಇಳಿದ ಮೇಲೆ ಮತ್ತೆ ತರುತ್ತದೆ.

ಯಾಕೆ ಹೀಗೆ? ಮರಿಯೂ ಕೊಕೇನೂ ಮಿದುಳಲ್ಲಿ ಬಡಿಯುವುದು ಒಂದೇ ಬಾಗಿಲನ್ನು. ನರಕೋಶದಿಂದ ಹೊರಬಂದ ಡೋಪಮಿನ್ ಎಂಬ ರಾಸಾಯನಿಕ ವಾಪಸ್ ಒಳಹೋಗದಂತೆ ಕೊಕೇನ್ ತಡೆಯುತ್ತದೆ. ಮರಿಯ ಸ್ಪರ್ಶದಿಂದ ಸಿಗುವ ಖುಷಿಗೂ ಬೇಕಾದದ್ದು ಅದೇ ಡೋಪಮಿನ್. 2005ರಲ್ಲಿ ಇಲಿಗಳ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಮರಿಗಳು ಹಾಲು ಕುಡಿಯುವಾಗ ತಾಯಿಯ ಖುಷಿಯ ಜಾಗಗಳು ಚುರುಕಾದವು. ಹಾಲೂಡಿಸುವ ತಾಯಿಗೆ ಮರಿಗಳ ಬದಲು ಕೊಕೇನ್ ಕೊಟ್ಟರೆ ಆ ಜಾಗಗಳು ತಣ್ಣಗಾದವು! ಮರಿ ಹಾಕದ ಹೆಣ್ಣಿಲಿಯಲ್ಲಿ ಮಾತ್ರ ಕೊಕೇನ್ ಅವನ್ನು ಚುರುಕಾಗಿಸಿತು.

ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದು ಪ್ರಯೋಗ. ಒಂದು ಕೋಣೆಯಲ್ಲಿ ತಾಯಿಗೆ ಮರಿಗಳ ಒಡನಾಟ ಅಭ್ಯಾಸ ಮಾಡಿಸಿದರು, ಇನ್ನೊಂದರಲ್ಲಿ ಕೊಕೇನಿನದು. ಆಮೇಲೆ ಎರಡನ್ನೂ ಖಾಲಿ ಬಿಟ್ಟು, ತಾಯಿ ಎಲ್ಲಿ ಹೋಗಿ ಕೂರುತ್ತದೆ ಎಂದು ನೋಡಿದರು. ಹೆತ್ತು 8 ದಿನವಾಗಿದ್ದಾಗ ಹೆಚ್ಚಿನ ತಾಯಂದಿರು ಮರಿಗಳ ಕೋಣೆಗೇ ಹೋದರು. 16ನೇ ದಿನದ ಹೊತ್ತಿಗೆ ಕೊಕೇನ್ ಗೆದ್ದಿತ್ತು. ಇದನ್ನು ಸುಮ್ನೆ ಚಟದ ಗೆಲುವು ಅನ್ನಬೇಡಿ. ಅಷ್ಟರಲ್ಲಿ ಮರಿಗಳ ಕಣ್ಣು ತೆರೆದಿರುತ್ತದೆ, ಅವು ತಾವೇ ಓಡಾಡುತ್ತವೆ. ತಾಯಿಯ ಸೆಳೆತ ಹೇಗೂ ಸಡಿಲವಾಗುವ ಕಾಲ ಅದು, ಅಲ್ವಾ?

ಬಸಿರಿನುದ್ದಕ್ಕೂ ದಿನಾ ಕೊಕೇನ್ ಕೊಟ್ಟು, ಹೆರಿಗೆಯಾದ ಮೇಲೆ ನಿಲ್ಲಿಸಿದರೆ ಕಥೆ ಬೇರೆ. ಇದನ್ನು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಸಂಶೋಧಕಿ ಜೋಸೆಫೀನ್ ಜಾನ್ಸ್ ಅವರ ತಂಡ ವರ್ಷಗಟ್ಟಲೆ ನೋಡಿದೆ. ಇಂಥ ತಾಯಂದಿರಲ್ಲಿ ಆರೈಕೆ ಶುರುವಾಗುವ ಹಂತವೇ ಏರುಪೇರಾಗುತ್ತದೆ. ಮಿದುಳಿನ ಕೆಲವು ಭಾಗಗಳಲ್ಲಿ ತಾಯ್ತನಕ್ಕೆ ನೆರವಾಗುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಕಡಿಮೆಯಾಗಿರುತ್ತದೆ. ವಿಚಿತ್ರ ಅಂದರೆ, ಗೂಡಿನ ಹತ್ತಿರ ಹೊರಗಿನ ಇಲಿ ಬಂದರೆ ಇವು ಬೇರೆ ತಾಯಂದಿರಿಗಿಂತ ಜೋರಾಗಿ ಮೇಲೆ ಬೀಳುತ್ತವೆ.

ತಪ್ಪೆಲ್ಲ ತಾಯಿಯದೇ ಅನ್ನುವಂತೆಯೂ ಇಲ್ಲ. ಹೊಟ್ಟೆಯಲ್ಲಿದ್ದಾಗಲೇ ಕೊಕೇನ್ ತಾಗಿದ ಮರಿಗಳನ್ನು ಅಮಲೇ ಕಾಣದ ತಾಯಿಯ ಗೂಡಿಗೆ ಹಾಕಿ ನೋಡಿದ್ದಾರೆ. ಅಲ್ಲೂ ಅವಕ್ಕೆ ಸಿಕ್ಕ ಆರೈಕೆ ಬೇರೆ ಮರಿಗಳಂತೆ ಇರಲಿಲ್ಲ.