ಪದ ಪರಿಚಯ: ಜಿಟ್

ಜಿಟ್ ಎಂದರೆ ‘ಜಸ್ಟ್ ಇನ್ ಟೈಮ್’: ಪ್ರೋಗ್ರಾಮ್ ಓಡುವ ಹೊತ್ತಿಗೇ ಅದನ್ನು ಮೆಷಿನ್ ಕೋಡಾಗಿ ಕಂಪೈಲ್ ಮಾಡುವುದು. ಸಿ ಕಂಪೈಲರ್ ಆದ ಕ್ಲ್ಯಾಂಗ್ ಮತ್ತು ಅದರ ಅಡಿಯಲ್ಲಿ ಮೆಷಿನ್ ಕೋಡ್ ತಯಾರಿಸುವ ಎಲ್‌ಎಲ್‌ವಿಎಂ, ಇವುಗಳ ಲೈಬ್ರರಿಗಳನ್ನು ಜೋಡಿಸಿ ಬರೆದ ಪುಟ್ಟ ಪ್ರೋಗ್ರಾಮಿಗೆ ‘ಸಿ ಇಂಟರ್‌ಪ್ರಿಟರ್’ ಎಂದು ಹೆಸರಿಡುವುದು ರೂಢಿ. ಹೆಸರಿಗೇನು, ಇಟ್ಟುಕೊಳ್ಳಲಿ. ಕ್ಲ್ಯಾಂಗ್ ಸೋರ್ಸ್‌ ಜೊತೆಗೇ ಬರುತ್ತಿದ್ದ ಮಾದರಿಯ ಹೆಸರೂ ಕ್ಲ್ಯಾಂಗ್-ಇಂಟರ್‌ಪ್ರಿಟರ್ ಎಂದೇ ಇತ್ತು. ತಕರಾರಿರುವುದು ಆ ಹೆಸರಿನ ಬೆನ್ನಿಗೇ ಬರುವ ವಿವರಣೆಯ ಮೇಲೆ: ‘ಇದರಲ್ಲಿ ಜಿಟ್ ಇದೆ, ಹಾಗಾಗಿ ಒಂದೊಂದೇ ಸಾಲು ಓದಿ ಆಗಲೇ ನಡೆಸುತ್ತದೆ.’ ಜಿಟ್ ಅಂಥದ್ದೇನನ್ನೂ ಮಾಡುವುದಿಲ್ಲ.

ಕ್ಲ್ಯಾಂಗ್ ಇಡೀ ಫೈಲನ್ನು ಪಾರ್ಸ್ ಮಾಡಿ, ಟೈಪ್‌ಗಳನ್ನು ಪರೀಕ್ಷಿಸಿ, ಐಆರ್ (ಸೋರ್ಸ್ ಮತ್ತು ಮೆಷಿನ್ ಕೋಡ್ ನಡುವಿನ ರೂಪ) ಮಾಡ್ಯೂಲ್ ಕೊಡುತ್ತದೆ. ಕೊನೆಯ ಸಾಲಿನಲ್ಲಿ ಸೆಮಿಕೋಲನ್ ತಪ್ಪಿದ್ದರೆ ಮೊದಲ ಸಾಲೂ ಓಡುವುದಿಲ್ಲ. ಇಷ್ಟರವರೆಗೆ ಮಾಮೂಲಿ ಕಂಪೈಲರಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಆಮೇಲೆ ಆಬ್ಜೆಕ್ಟ್ ಫೈಲು ಡಿಸ್ಕಿಗೆ ಹೋಗುವ ಬದಲು, ಮಾಡ್ಯೂಲ್ ಎಲ್‌ಎಲ್‌ವಿಎಂನ ಜಿಟ್ ಆದ ಎಲ್‌ಎಲ್‌ಜಿಟ್ ಕೈಗೆ ಹೋಗುತ್ತದೆ. ಸೇರಿಸಿದ ಕೂಡಲೇ ಏನೂ ಆಗುವುದಿಲ್ಲ. ‘ಮೇನ್‌ನ ವಿಳಾಸ ಕೊಡು’ ಎಂದು ಕೇಳಿದಾಗಲೇ ಕೆಲಸ ಶುರು: ಮೆಮೊರಿಯಲ್ಲಿ ಮೆಷಿನ್ ಕೋಡ್ ತಯಾರಾಗುತ್ತದೆ, ಪ್ರಿಂಟ್‌ಎಫ್‌ನಂಥ ಲೈಬ್ರರಿ ಫಂಕ್ಷನ್ ಇದೇ ಪ್ರೊಸೆಸ್‌ನೊಳಗೆ ಸಿಗುತ್ತದೆ, ಕೋಡ್ ಇರುವ ಮೆಮೊರಿ ಪುಟಗಳಿಗೆ ಎಕ್ಸಿಕ್ಯೂಟ್ ಅನುಮತಿ ಬೀಳುತ್ತದೆ, ವಿಳಾಸ ವಾಪಸ್ ಬರುತ್ತದೆ. ಅದನ್ನು ಫಂಕ್ಷನ್ ಪಾಯಿಂಟರ್ ಮಾಡಿಕೊಂಡು ಕರೆದರಾಯಿತು. ಅಲ್ಲಿಂದ ಮುಂದೆ ಓಡಿಸುವುದು ಸಿಪಿಯು.

ಹಾಗಾದರೆ ‘ಜಸ್ಟ್ ಇನ್ ಟೈಮ್’ ಎಲ್ಲಿದೆ? ಆ ಕೇಳುವಿಕೆಯಲ್ಲೇ. ಇದರ ಅಡಿಯಲ್ಲಿರುವ ಲೈಬ್ರರಿಯ ಹೆಸರು ಆರ್ಕ್, ಎಂದರೆ ‘ಆನ್ ರಿಕ್ವೆಸ್ಟ್ ಕಂಪೈಲೇಶನ್’. ಆದರೂ ಒಂದು ಹೆಸರು ಕೇಳಿದರೆ ಎಲ್‌ಎಲ್‌ಜಿಟ್ ಇಡೀ ಮಾಡ್ಯೂಲನ್ನೇ ಕಂಪೈಲ್ ಮಾಡುತ್ತದೆ. ಫಂಕ್ಷನ್ ಫಂಕ್ಷನ್ನಾಗಿ, ಮೊದಲ ಕರೆಗೆ ಮಾತ್ರ ಆಗಬೇಕೆಂದರೆ ಎಲ್‌ಎಲ್‌ಲೇಜಿಜಿಟ್ ಬೇಕು. ಅಲ್ಲೂ ಸಾಲು ಸಾಲಾಗಿ ಅಲ್ಲ, ದಯವಿಟ್ಟು.

ನಿಜವಾದ ಇಂಟರ್‌ಪ್ರಿಟರ್‌ನಲ್ಲಿ ಒಂದು ಲೂಪ್ ಇರುತ್ತದೆ: ಒಂದು ಸೂಚನೆ ಎತ್ತಿಕೋ, ಏನೆಂದು ನೋಡು, ಮಾಡು, ಮುಂದಕ್ಕೆ ಹೋಗು. ಪ್ರತಿ ಹೆಜ್ಜೆಗೂ ನಡುವೆ ಒಂದು ಕೈ ಇದೆ. ಸೊನ್ನೆ (ನಲ್) ಪಾಯಿಂಟರಿಗೆ ಬರೆಯಹೊರಟರೆ ತಡೆಯಬಹುದು, ಮುಗಿಯದ ಲೂಪನ್ನು ಎಣಿಸಿ ನಿಲ್ಲಿಸಬಹುದು. ಜಿಟ್ ಮಾಡಿದ ಕೋಡಿನಲ್ಲಿ ಆ ಕೈ ಇಲ್ಲ. ಬಳಕೆದಾರನ ಸೊನ್ನೆ ಪಾಯಿಂಟರು ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ ದೋಷ) ಎಬ್ಬಿಸಿದರೆ ನಿಮ್ಮ ‘ಇಂಟರ್‌ಪ್ರಿಟರ್’ ಕೂಡ ಜೊತೆಗೇ ಸಾಯುತ್ತದೆ, ಏಕೆಂದರೆ ಎರಡೂ ಒಂದೇ ಪ್ರೊಸೆಸ್. ಅನುಮಾನವಿದ್ದರೆ ಬಿಟ್‌ಕೋಡನ್ನು (ಐಆರ್‌ನ ಫೈಲ್ ರೂಪ) ನಡೆಸುವ ಎಲ್‌ಎಲ್‌ವಿಎಂನ ಎಲ್‌ಎಲ್‌ಐ ತೆಗೆದುಕೊಳ್ಳಿ. ಸುಮ್ಮನೆ ನಡೆಸಿದರೆ ಜಿಟ್. ಫೋರ್ಸ್-ಇಂಟರ್‌ಪ್ರಿಟರ್ ಆಯ್ಕೆ ಕೊಟ್ಟರೆ ಅದೇ ಬಿಟ್‌ಕೋಡನ್ನು ಒಂದೊಂದೇ ಸೂಚನೆಯಾಗಿ ನಡೆಸುತ್ತದೆ.

ಗೊಂದಲದ ಮೂಲ ಬಹುಶಃ ಪ್ರಾಂಪ್ಟ್, ಅಂದರೆ ಟೈಪ್ ಮಾಡಿದ ಕೂಡಲೇ ಉತ್ತರ ಕೊಡುವ ಪರದೆ. ಭೌತಶಾಸ್ತ್ರ ಸಂಶೋಧನಾ ಕೇಂದ್ರ ಸರ್ನ್‌ನ ದತ್ತಾಂಶ ವಿಶ್ಲೇಷಣಾ ತಂತ್ರಾಂಶ ರೂಟ್‌ನಲ್ಲಿ ಮೊದಲು ಸಿಂಟ್ ಇತ್ತು, ಅದು ಹೆಸರಿಗೆ ತಕ್ಕ ಇಂಟರ್‌ಪ್ರಿಟರ್. ರೂಟ್ 6ರಲ್ಲಿ ಅದರ ಜಾಗಕ್ಕೆ ಕ್ಲ್ಯಾಂಗ್ ಆಧಾರಿತ ಕ್ಲಿಂಗ್ ಬಂತು. 2021ರ ಎಲ್‌ಎಲ್‌ವಿಎಂ 13ರಿಂದ ಅಂಥದ್ದೇ ಪ್ರಾಂಪ್ಟಿನ ಕ್ಲ್ಯಾಂಗ್-ರೆಪ್ಲ್ ಕೂಡ ಇದೆ. ಇವೆರಡರಲ್ಲೂ ಟೈಪ್ ಮಾಡಿದ ಪ್ರತಿ ತುಣುಕು ಹೊಸ ಮಾಡ್ಯೂಲಾಗಿ ಕಂಪೈಲ್ ಆಗುತ್ತದೆ. ನೋಡುವವರಿಗೆ ಸಾಲು ಸಾಲಾಗಿ ಓಡಿದಂತೆ ಕಾಣುತ್ತದೆ, ಅಷ್ಟೆ.

ಇನ್ನೊಂದು ಭ್ರಮೆ ವೇಗದ್ದು: ಜಿಟ್ ಇದ್ದರೆ ಕೋಡು ತಾನಾಗಿ ವೇಗವಾಗುತ್ತದೆ ಎಂಬುದು. ಜಾವಾದ ವರ್ಚುವಲ್ ಮೆಷಿನ್ ಹಾಟ್‌ಸ್ಪಾಟ್ ಯಾವ ಮೆಥಡ್ ಹೆಚ್ಚು ಓಡುತ್ತದೆಂದು ಎಣಿಸಿ, ಅದನ್ನೇ ಮತ್ತೆ ಚೆನ್ನಾಗಿ ಕಂಪೈಲ್ ಮಾಡುತ್ತದೆ. ಎಲ್‌ಎಲ್‌ಜಿಟ್ ತಾನಾಗಿ ಎಣಿಸುವುದೂ ಇಲ್ಲ, ಐಆರ್ ಮೇಲೆ ಆಪ್ಟಿಮೈಸೇಶನ್ ಪಾಸ್‌ಗಳನ್ನು (ಕೋಡನ್ನು ಚುರುಕುಗೊಳಿಸುವ ಹಂತಗಳನ್ನು) ಓಡಿಸುವುದೂ ಇಲ್ಲ. ಅವನ್ನು ನೀವೇ ಪೋಣಿಸಬೇಕು.