ಕೋಳಿಮರಿ ಕಚ್ಚಿಕೊಂಡು ಬಂದ ಲ್ಯಾಬ್ರಡಾರ್

ಮೂಡಿಗೆರೆ ಹತ್ತಿರದ ನಮ್ಮ ಚಿಕ್ಕಪ್ಪನ ತೋಟದಲ್ಲಿ ಎರಡು ನಾಯಿಗಳಿವೆ. ಒಂದು ಲ್ಯಾಬ್ರಡಾರ್. ಇನ್ನೊಂದು ಕೂಲಿಯವರ ಲೈನ್ ಮನೆಗಳ ಹಿಂದೆ ಹುಟ್ಟಿದ ನಾಟಿ ನಾಯಿ, ಕರಿಯ. ಹೋದ ಜನವರಿಯಲ್ಲಿ ಕಾಫಿ ಕಣದ ಪಕ್ಕ ಕೂತಿದ್ದೆವು. ಲ್ಯಾಬ್ರಡಾರ್ ಬಾಯಲ್ಲಿ ಕೋಳಿಮರಿ ಕಚ್ಚಿಕೊಂಡು ಬಂತು. 'ಅಯ್ಯೋ, ಹೋಯ್ತು ಮರಿ!' ಅಂತ ಚಿಕ್ಕಮ್ಮ ಕೂಗಿಕೊಂಡರು. ನಾಯಿ ಅವರ ಕಾಲ ಬಳಿ ಮರಿಯನ್ನು ಮೆಲ್ಲಗೆ ಇಳಿಸಿತು. ಮೈಯೆಲ್ಲ ಜೊಲ್ಲು, ಆದರೆ ಒಂದು ಹಲ್ಲಿನ ಗುರುತೂ ಇಲ್ಲ. ಮರಿ ಒದರಿಕೊಂಡು ಓಡಿತು.

ಲ್ಯಾಬ್ರಡಾರ್ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮೀನುಗಾರರ ಜೊತೆ ದುಡಿಯುತ್ತಿದ್ದವು. ಆಮೇಲೆ ಬ್ರಿಟನ್ನಿನ ಬೇಟೆಗಾರರು ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಹೆಕ್ಕಿ ತರಲು ಇವನ್ನು ಬೆಳೆಸಿದರು. ಹಕ್ಕಿಯನ್ನು ಅಗಿದು ಹಾಳು ಮಾಡುವ ನಾಯಿಯ ಮರಿ ಯಾರಿಗೆ ಬೇಕು? ಮೆತ್ತನೆ ಬಾಯಿಯ ನಾಯಿಗಳ ಸಂತತಿಯೇ ಮುಂದುವರಿಯಿತು.

ತೋಳದ ಬೇಟೆ ಒಂದು ಸರಪಳಿ ಇದ್ದ ಹಾಗೆ. ದಿಟ್ಟಿಸಿ ನೋಡುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು. ಮನುಷ್ಯ ತನಗೆ ಬೇಕಾದ ಕೊಂಡಿ ಬಲಪಡಿಸಿದ, ಬೇಡದ್ದನ್ನು ಸಡಿಲಿಸಿದ. ಕುರಿ ಕಾಯುವ ಬಾರ್ಡರ್ ಕೋಲಿ ದಿಟ್ಟಿಸಿಯೇ ಮಂದೆಯನ್ನು ತಿರುಗಿಸುತ್ತದೆ. ನಮ್ಮ ಮುಧೋಳ ಬೇಟೆನಾಯಿಗೆ ಕಣ್ಣೇ ಮುಖ್ಯ. ದೂರದಲ್ಲಿ ಏನೋ ಓಡಿದ್ದು ಕಂಡರೆ ಸಾಕು, ಆಮೇಲೆ ನೀವು ಕರೆದದ್ದು ಅದಕ್ಕೆ ಕೇಳಿಸುವುದಿಲ್ಲ.

ತಿನ್ನುವುದರಲ್ಲೂ ತಳಿಯ ಪಾತ್ರ ಇದೆ. ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಹೊಟ್ಟೆ ತುಂಬಿತು ಅಂತ ಮೆದುಳಿಗೆ ತಿಳಿಸುವ ಒಂದು ಜೀನ್‌ನ ಸಣ್ಣ ತುಣುಕು ಕಾಣೆಯಾಗಿದೆ ಎಂದು 2016ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು ತೋರಿಸಿದರು. ಚಿಕ್ಕಪ್ಪನ ನಾಯಿ ಹಲಸಿನ ತೊಳೆಯನ್ನೂ ಬಿಡಲ್ಲ!

ಆದರೆ ಎಲ್ಲರೂ ಕೇಳುವುದು ಬೇರೆ: 'ಯಾವ ಜಾತಿ ನಾಯಿ ಕಚ್ಚಲ್ಲ?' ಇದಕ್ಕೆ ತಳಿ ಉತ್ತರ ಕೊಡುವುದಿಲ್ಲ. ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಮಾಲೀಕರನ್ನು ವಿಚಾರಿಸಿ, 2,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿದ ಅಧ್ಯಯನ 2022ರಲ್ಲಿ ಬಂತು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ. ಹೇಳಿದ ಮಾತು ಕೇಳುವುದರಲ್ಲಿ ತಳಿಯ ಪ್ರಭಾವ ಸ್ವಲ್ಪ ಜಾಸ್ತಿ, ಬೇಗ ರೇಗುವುದರಲ್ಲಿ ತೀರಾ ಕಡಿಮೆ. ಕಾವಲಿಗೆ ಅಂತ ದುಬಾರಿ ಜರ್ಮನ್ ಶೆಫರ್ಡ್ ತಂದು, ಅದು ಬಂದವರ ಕೈಯೆಲ್ಲ ನೆಕ್ಕುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಕರಿಯನ ಬೇಟೆಯ ಸರಪಳಿಯ ಕೊಂಡಿಗಳನ್ನು ಮಾತ್ರ ಹೀಗೆ ಕೂತು ಸಡಿಲಿಸಿದವರಿಲ್ಲ. ಚಿಕ್ಕಪ್ಪ ಈಗ ಕೋಳಿಗೂಡಿಗೆ ಹೊಸ ಚಿಲಕ ಹಾಕಿಸಿದ್ದಾರೆ. ಅದು ಲ್ಯಾಬ್ರಡಾರ್‌ಗಾಗಿ ಅಲ್ಲ.