ಪದ ಪರಿಚಯ: ‘ಮಾಗ್ಡೆಬರ್ಗಿಸು’

ಕನ್ನಡಕ್ಕೆ ತರುವುದನ್ನು ‘ಕನ್ನಡಿಸು’ ಅನ್ನುತ್ತೇವಲ್ಲ, ಜರ್ಮನ್ ಭಾಷೆಯಲ್ಲೂ ಅಂಥದ್ದೇ ಒಂದು ಬಾಲ ಇದೆ: ‘ಇಸೀರೆನ್’. 17ನೇ ಶತಮಾನದಲ್ಲಿ ಅದನ್ನು ಒಂದು ಊರಿನ ಹೆಸರಿಗೆ ಅಂಟಿಸಿದರು. ಹುಟ್ಟಿದ ಪದ ‘ಮಾಗ್ಡೆಬರ್ಗಿಸೀರೆನ್’. ಊರನ್ನು ಕೊಳ್ಳೆ ಹೊಡೆದು, ಹೆಂಗಸರನ್ನು ಕೆಡಿಸಿ, ಸಿಕ್ಕಸಿಕ್ಕವರನ್ನು ಕೊಂದು ಎಲ್ಲವನ್ನೂ ಬೂದಿ ಮಾಡುವುದು ಅಂತ ಅರ್ಥ.

ಮಾಗ್ಡೆಬರ್ಗ್ ಎಲ್ಬೆ ನದಿಯ ದಡದಲ್ಲಿದೆ. ಆಗ ಅಲ್ಲಿ ಸುಮಾರು 25,000 ಜನ, ಗಟ್ಟಿ ಪ್ರಾಟೆಸ್ಟೆಂಟರು. 1550-51ರಲ್ಲಿ ಒಂದು ವರ್ಷದ ಮುತ್ತಿಗೆಯನ್ನು ತಡೆದು ನಿಂತಿದ್ದ ಊರು. ಹಾಗಾಗಿ ಸ್ವಲ್ಪ ಜಂಬವೂ ಇತ್ತು. 1552ರಿಂದೀಚೆಗೆ ಪ್ರಾಟೆಸ್ಟೆಂಟರ ಪಾಲಾದ ಚರ್ಚ್ ಆಸ್ತಿಯನ್ನೆಲ್ಲ ಕ್ಯಾಥೊಲಿಕರಿಗೆ ವಾಪಸ್ ಕೊಡಿ ಅಂತ ಜರ್ಮನ್ ನಾಡುಗಳಿದ್ದ ಪವಿತ್ರ ರೋಮನ್ ಸಾಮ್ರಾಜ್ಯದ ಕ್ಯಾಥೊಲಿಕ್ ಚಕ್ರವರ್ತಿ ಎರಡನೇ ಫರ್ಡಿನಾಂಡ್ 1629ರಲ್ಲಿ ಆಜ್ಞೆ ಹೊರಡಿಸಿದ. ಊರು ಸ್ವೀಡನ್ನಿನ ಪ್ರಾಟೆಸ್ಟೆಂಟ್ ರಾಜ ಗುಸ್ತಾವಸ್ ಅಡಾಲ್ಫಸ್‌ನ ಕೈ ಹಿಡಿಯಿತು. ಅವನು ಒಬ್ಬ ಸೇನಾಧಿಕಾರಿಯನ್ನೇನೋ ಕಳಿಸಿದ. ಸೈನ್ಯ ಮಾತ್ರ ಹೊತ್ತಿಗೆ ಬರಲಿಲ್ಲ.

1631ರ ಮೇ 20ರ ಬೆಳಿಗ್ಗೆ, ಶರಣಾಗೋಣವೇ ಬೇಡವೇ ಅಂತ ನಗರದ ಹಿರಿಯರು ಇನ್ನೂ ಚರ್ಚೆ ಮಾಡುತ್ತಿದ್ದರು. ಅಷ್ಟರಲ್ಲಿ ಊರನ್ನು ಮುತ್ತಿದ್ದ ಚಕ್ರವರ್ತಿ ಪಕ್ಷದ ಸೇನಾಪತಿಗಳಾದ ಟಿಲ್ಲಿ ಮತ್ತು ಪಾಪೆನ್‌ಹೈಮ್‌ರ ಸೈನಿಕರು ಗೋಡೆ ಹತ್ತಿ ಒಳಗಿದ್ದರು. ಆ ಚರ್ಚೆಯಲ್ಲಿದ್ದ ಓಟೊ ಫಾನ್ ಗೇರಿಕೆ ಮುಂದಿನದನ್ನು ಬರೆದಿಟ್ಟಿದ್ದಾನೆ. ಸೈನಿಕರ ಒಂದು ಗುಂಪು ಮನೆಗೆ ನುಗ್ಗುತ್ತದೆ. ಯಜಮಾನ ಏನಾದರೂ ಕೊಟ್ಟರೆ ಸದ್ಯಕ್ಕೆ ಜೀವ ಉಳಿಯುತ್ತದೆ. ಆಮೇಲೆ ಇನ್ನೊಂದು ಗುಂಪು, ಮತ್ತೊಂದು. ಕೊಡಲು ಏನೂ ಉಳಿಯದಾಗ ಹೊಡೆತ, ಕೊಲೆ ಶುರು. ಬೆಂಕಿ ಇಟ್ಟವರು ಯಾರು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಸುಟ್ಟ ಊರು ಟಿಲ್ಲಿಗಂತೂ ಉಪಯೋಗವಿರಲಿಲ್ಲ, ಅವನಿಗೆ ಬೇಕಿದ್ದದ್ದು ಸೈನ್ಯ ಇಡಲು ಒಂದು ನೆಲೆ. ಸುಮಾರು 20,000 ಜನ ಸತ್ತರು. ಹೆಣಗಳನ್ನು ನದಿಗೆ ಎಸೆದರು. ದೊಡ್ಡ ಚರ್ಚಿನೊಳಗೆ ಅವಿತವರು ಬದುಕಿದರು. ಮರುವರ್ಷ ಎಣಿಸಿದಾಗ ಊರಿನಲ್ಲಿ ಸಿಕ್ಕಿದ್ದು 449 ಜನ.

ಈ ಹೆಸರಿನಿಂದ ಇನ್ನೂ ಕೆಲವು ಮಾತು ಹುಟ್ಟಿದವು. ಹಳೆಯ ಜರ್ಮನ್ನಿನಲ್ಲಿ ‘ಮಾಗ್ಡ್’ ಅಂದರೆ ಹುಡುಗಿ, ಊರಿನ ಲಾಂಛನದಲ್ಲೂ ಹುಡುಗಿಯೇ ಇದ್ದಾಳೆ. ಎಪ್ಪತ್ತು ದಾಟಿದ ಬ್ರಹ್ಮಚಾರಿ ಟಿಲ್ಲಿ ಅವಳನ್ನು ಕಟ್ಟಿಕೊಂಡ ಅಂತ ಇದನ್ನು ‘ಮಾಗ್ಡೆಬರ್ಗ್ ಮದುವೆ’ ಅಂದರು. ಕೇಳಿದರೆ ಮೈ ಉರಿಯುವ ತಮಾಷೆ, ಅಲ್ವಾ? ಪ್ರಾಟೆಸ್ಟೆಂಟರ ಬಾಯಲ್ಲಿ ಹುಟ್ಟಿದ್ದು ‘ಮಾಗ್ಡೆಬರ್ಗ್ ದಯೆ’. ಸೋತ ಕ್ಯಾಥೊಲಿಕ್ ಸೈನಿಕ ಕೈ ಮುಗಿದು ಜೀವ ಉಳಿಸಿ ಅಂದರೆ, ತಗೋ ಮಾಗ್ಡೆಬರ್ಗ್ ದಯೆ ಅಂತ ಕೊಂದುಬಿಡುತ್ತಿದ್ದರು. ಅಂದರೆ ಊರಿಗೆ ಆದ ಅನ್ಯಾಯಕ್ಕೂ ಅದರ ಸೇಡಿಗೂ ಒಂದೇ ಹೆಸರು. ನನಗೆ ಜಾಸ್ತಿ ಕಾಡುವುದು ಕ್ರಿಯಾಪದಕ್ಕಿಂತ ಈ ‘ದಯೆ’ಯೇ.

ಗೇರಿಕೆ ಏನಾದ? ಬದುಕಿ ಉಳಿದ, ಊರು ಮತ್ತೆ ಕಟ್ಟುವ ಕೆಲಸಕ್ಕೆ ನಿಂತ, 1646ರಲ್ಲಿ ಮೇಯರ್ ಆದ. ‘ಹಾಳೂರಿಗೆ ಉಳಿದವನೇ ಗೌಡ’ ಅನ್ನುವ ಗಾದೆಯನ್ನು ಇವನ ವಿಷಯದಲ್ಲಿ ಕುಹಕವಿಲ್ಲದೆ ಹೇಳಬಹುದು. ನಮ್ಮಲ್ಲಿ ಅನೇಕರು ಈ ಊರಿನ ಹೆಸರು ಮೊದಲು ಕೇಳಿದ್ದೂ ಇವನಿಂದಲೇ. ಗಾಳಿಯ ಒತ್ತಡದ ಪಾಠ ನೆನಪಿದೆಯಾ? ಒಳಗಿನ ಗಾಳಿ ತೆಗೆದು ಜೋಡಿಸಿದ ಎರಡು ತಾಮ್ರದ ಬಟ್ಟಲು, ಎರಡೂ ಕಡೆ ಎಳೆದೂ ಬಿಡಿಸಲಾಗದ ಕುದುರೆಗಳು. ಅವೇ ಮಾಗ್ಡೆಬರ್ಗ್ ಅರ್ಧಗೋಳಗಳು.